ತಮ್ಮನ ಪದಕ್ಕೆ ಗೆರೆ ಹಾಕಿದ್ದು

ತಮ್ಮ ತೀರಿಕೊಂಡ ಮೇಲೆ ಅವನ ಗೆಳೆಯ ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ ಕೈಯಲ್ಲಿ ಹಣ್ಣಿನ ಚೀಲವಿತ್ತು. ಕಣ್ಣು ಮಾತ್ರ ಕಂಪ್ಯೂಟರಿನ ಮೇಲಿತ್ತು. ನನಗೆ ಆಗಲೇ ಅನುಮಾನ ಬಂತು.

ಸಂಶಿಯಲ್ಲಿ ನಮ್ಮದು ಝೆರಾಕ್ಸ್ ಅಂಗಡಿ. ನಾನು ಅರ್ಜಿ ಟೈಪ್ ಮಾಡುತ್ತೇನೆ. ತಮ್ಮ ಬಿಡುವಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಗಿಟಾರಿನ ಆಟ ಆಡುತ್ತಿದ್ದ. ಪರದೆಯಲ್ಲಿ ಒಂದು ರಸ್ತೆ ಎದುರಿಗೆ ಹರಿದು ಬರುತ್ತದೆ, ಅದರ ಮೇಲೆ ಐದು ಬಣ್ಣದ ಗುಂಡಿಗಳು. ಹಾಡಿನಲ್ಲಿ ತಂತಿ ಮಿಡಿದ ಕ್ಷಣಕ್ಕೆ ಸರಿಯಾಗಿ ಆ ಬಣ್ಣವನ್ನು ಒತ್ತಬೇಕು. ಯಾವ ಬಣ್ಣ ಯಾವಾಗ ಬರಬೇಕೆಂದು ಯಾರೋ ಮೊದಲೇ ಕೂತು ಬರೆದಿಟ್ಟಿರುತ್ತಾರೆ. ಅದಕ್ಕೆ ಚಾರ್ಟ್ ಅನ್ನುತ್ತಾರೆ.

"ಅಕ್ಕಾ, ಅಂವಾ ಗಿಟಾರಿನ್ಯಾಗ ಬಾರಿಸಿದ್ದ ಭಜನಿ ಪದಾ ಐತಲ್ರಿ, ಅದಕ್ಕೊಂದು ಚಾರ್ಟ್ ಮಾಡ್ತೀನ್ರಿ. ನೆಟ್ಟಿನ್ಯಾಗ ಹಾಕಿದ್ರ ಎಲ್ಲೆಲ್ಲಿಯವ್ರೋ ಆಡ್ತಾರ," ಎಂದ ಗೆಳೆಯ.

ತಮ್ಮ ಬಾರಿಸಿದ್ದರಲ್ಲಿ ನಮ್ಮ ಹತ್ತಿರ ಉಳಿದ ರೆಕಾರ್ಡಿಂಗ್ ಅದೊಂದೇ. "ಮಾಡೂದಿದ್ರ ಇಲ್ಲೇ ಕೂತು ಮಾಡು, ನನ್ನ ಮುಂದ," ಎಂದೆ.

ಗೆಳೆಯನ ಮನೆಯವರದು ಬಜಾರಿನಲ್ಲಿ ಬಳೆ ಅಂಗಡಿ. ಮಧ್ಯಾಹ್ನ ಅದನ್ನು ಮುಚ್ಚಿ ಬರುತ್ತಿದ್ದ. ಪದ ಹಚ್ಚಿ, ಪರದೆಯ ಮೇಲಿನ ತಾಳದ ಗೆರೆಗಳನ್ನು ಒಂದೊಂದಾಗಿ ಎಳೆದು ಸರಿಸುವುದನ್ನು ನೋಡಿ, ಪದವನ್ನೇ ಜಗ್ಗಿ ನೆಟ್ಟಗೆ ಮಾಡುತ್ತಿದ್ದಾನೆ ಎಂದುಕೊಂಡೆ.

"ಏನ್ ಎಳ್ಯಾಕತ್ತೀ? ಅವನ ಪದಾ ಕೆಡಸಬ್ಯಾಡ."

"ಪದಾ ಮುಟ್ಟಿಲ್ರಿ ಅಕ್ಕಾ. ಭಜನಿ ಪದಾ ಹೋಗ್ತಾ ಹೋಗ್ತಾ ಜೋರ್ ಓಡ್ತಾವಲ್ರಿ, ಗೆರಿ ಹಿಂದ ಉಳೀತಾವು. ಗೆರಿ ಓಡಿಸಿ ಅವನ ಕೈಗೆ ಹೊಂದಸಾಕತ್ತೀನ್ರಿ."

ನಂಬಲಿಲ್ಲ. ಅವನು ಹೋದ ಮೇಲೆ ಫೈಲ್ ತೆರೆದು ಕೇಳಿದೆ. ಪದ ಮೊದಲಿನಂತೆಯೇ ಇತ್ತು. ಆದರೂ ಸಮಾಧಾನವಾಗಲಿಲ್ಲ. ಪದ ಮುಟ್ಟದಿದ್ದರೂ ಚಾರ್ಟಿನಲ್ಲಿ ತನಗೆ ಬೇಕಾದ ಹಾಗೆ ಬರೆದರೆ ಯಾರಿಗೆ ಗೊತ್ತಾಗುತ್ತದೆ? ಮರುದಿನ "ನನಗೂ ಕಲಸು" ಎಂದೆ.

"ನನ್ನ ಕಾವಲ ಕಾಯಾಕೇನ್ರಿ?" ಎಂದು ನಕ್ಕ.

"ಹಂಗ ತಿಳಕೋ."

ಕಲಿಯಬೇಕೆಂದರೆ ಪದವನ್ನು ನಿಧಾನ ಮಾಡಿ ಕೇಳಬೇಕು. ನಿಧಾನ ಮಾಡಿದರೆ ತಮ್ಮನ ಬೆರಳು ತಂತಿಯ ಮೇಲೆ ಸರಿಯುವ ಸದ್ದೂ ಕೇಳುತ್ತದೆ. ಆಗೆಲ್ಲ ಗಿರಾಕಿ ಬಂದರೆಂದು ಹೇಳಿ ಎದ್ದುಹೋಗುತ್ತಿದ್ದೆ. ಸ್ವರ ಏರಿದರೆ ಬಲಗಡೆಯ ಬಣ್ಣ, ಇಳಿದರೆ ಎಡಗಡೆಯದು, ತಂತಿ ಗುಂಯ್ ಎಂದು ಉಳಿದರೆ ಗುಂಡಿಗೆ ಬಾಲ. ನಾನು ಹಾಕಿದ ಗುಂಡಿಗಳೆಲ್ಲ ತಡವಾಗಿ ಬೀಳುತ್ತಿದ್ದವು.

"ಅಕ್ಕಾ, ನೀವು ಹಾಕೂತನಾ ಭಜನಿ ಮುಗದು ಮಂಗಳಾರತಿ ಆಗಿರ್ತೈತ್ರಿ."

ಚಾರ್ಟ್ ಓದುವುದು ಗೊತ್ತಾದ ಮೇಲೆ ಅವನು ಹಾಕಿದ್ದನ್ನೆಲ್ಲ ತಪಾಸಣೆ ಮಾಡಿದೆ. ಒಂದು ಕಡೆ ಸಿಕ್ಕಿಬಿದ್ದ ಅನ್ನಿಸಿತು. ಉಳಿದ ಗುಂಡಿಗಳು ಗೆರೆ ಹಿಡಿದು ಕೂತಿದ್ದವು. ಒಂದು ಮಾತ್ರ ಎರಡು ಗೆರೆಗಳ ನಡುವೆ, ತಾಳಕ್ಕೆ ಸೇರದ ಜಾಗದಲ್ಲಿತ್ತು.

"ಇದೇನಿದು? ಇದು ಅವನದಲ್ಲ, ನೀ ಸೇರಿಸಿದ್ದು."

ಅವನು ಆ ಜಾಗವನ್ನು ನಿಧಾನ ಮಾಡಿ ಕೇಳಿಸಿದ. ಅಲ್ಲಿ ತಮ್ಮನ ಬೆರಳು ಜಾರಿ ಪಕ್ಕದ ತಂತಿಗೆ ತಾಗಿತ್ತು. ಎಷ್ಟೋ ಸಲ ಕೇಳಿದ ಪದ, ನನಗೆ ಗೊತ್ತೇ ಆಗಿರಲಿಲ್ಲ.

"ತಪ್ಪು ಹೊಡದಾನ್ರಿ ಇಲ್ಲಿ. ಇನ್ನೊಮ್ಮೆ ರೆಕಾರ್ಡ್ ಮಾಡೂಣು ಅಂದಿದ್ದ." ಮೌಸನ್ನು ಆ ಗುಂಡಿಯ ಮೇಲೆ ತಂದ. "ಇದೊಂದು ತಗದ್ರ ಚಾರ್ಟ್ ಸಾಫ್ ಆಗ್ತೈತ್ರಿ. ಯಾರಿಗೂ ತಿಳಿಯೂದಿಲ್ಲ. ತಗೀಲೇನ್ರಿ?"

ನಾನು ಅವನ ಮುಖ ನೋಡಿದೆ. ಅವನೂ ನನ್ನನ್ನು ಅದೇ ಕಣ್ಣಿನಿಂದ ನೋಡುತ್ತಿದ್ದ. ಅಕ್ಕ ತನ್ನ ತಮ್ಮನನ್ನು ತಿದ್ದಿಬಿಡುತ್ತಾಳೋ ಏನೋ ಎಂಬ ಅನುಮಾನ ಅವನಿಗೂ ಇದ್ದಿರಬೇಕು.

"ಇರಲಿ ಬಿಡು."

"ಆಡಾವ್ರೆಲ್ಲಾ ಇಲ್ಲೇ ತಪ್ಪತಾರ್ರಿ."

"ತಪ್ಪಲಿ."

ಪೆನ್ ಡ್ರೈವ್ ಹಚ್ಚಿ ಪದವನ್ನೂ ಚಾರ್ಟನ್ನೂ ನಾನೇ ಹಾಕಿ, ನೆಟ್ಟಿಗೆ ಏರಿಸಲು ಅವನ ಕೈಗೆ ಕೊಟ್ಟೆ.