ಬಂಗುಡೆ ಹಿಡಿದು ಸಸ್ಯಾಹಾರದ ವಾದ

“ಮೀನಿಗೆ ನೀರು ಯಾರು ಹಾಕ್ತಾರೆ ಮಾರಾಯ್ತಿ?” ಎಂದರು ಪಪ್ಪ. ಮಾಂಸ ಬೆಳೆಸಲು ವಿಪರೀತ ನೀರು ಬೇಕೆಂಬ ನನ್ನ ವಾದ ಅಲ್ಲಿಗೇ ಮುಳುಗಿತು.

ಕುಲಶೇಖರದ ನಮ್ಮ ಮನೆಯಲ್ಲಿ ಭಾನುವಾರದ ಊಟ ನಡೆದಿತ್ತು. ಯೂರಿಕ್ ಆ್ಯಸಿಡ್ ಏರಿ ಪಪ್ಪನ ಕಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು. ಚರ್ಚಿಗೂ ಹವಾಯಿ ಚಪ್ಪಲಿಯಲ್ಲೇ ಹೋಗಿ ಬಂದಿದ್ದರು. ಮೀನು, ಮಾಂಸ ಬಿಡಿ ಎಂದಿದ್ದರು ಡಾಕ್ಟರು. ಒಪ್ಪಿಸುವ ಹೊಣೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆಲ್ಲುವ ನನ್ನದು.

ಪ್ರಾಣಿದಯೆ ಎಂದೆ. “ಶುಕ್ರವಾರ ಮಾಂಸ ಮುಟ್ಟುವುದಿಲ್ಲ ಅಲ್ವಾ, ದಯೆ ಅಷ್ಟು ಸಾಕು.” ಹೃದಯಕ್ಕೆ ಒಳ್ಳೆಯದು ಎಂದೆ. “ನನಗೆ ನೋವು ಇರುವುದು ಕಾಲಲ್ಲಿ.” ಕೊನೆಗೆ ನನ್ನ ತಟ್ಟೆ ನೋಡಿ, “ಸೊಪ್ಪು ತರಕಾರಿ ಅಷ್ಟು ಒಳ್ಳೆಯದಾದರೆ ನೀನು ಎಂತಕ್ಕೆ ಇದನ್ನು ತಿನ್ನುವುದು?” ಎಂದು ಕೇಳಿದರು.

ನನ್ನ ಕೈಯಲ್ಲಿ ಅರ್ಧ ತಿಂದ ಬಂಗುಡೆ ಫ್ರೈ ಇತ್ತು. ಮೀನನ್ನು ಕೆಳಗಿಟ್ಟೆ. ಪಪ್ಪ ತಮ್ಮ ಮೀನನ್ನೂ ಬದಿಗೆ ಸರಿಸಿ, ಎಳೆ ಹಲಸಿನ ಗುಜ್ಜೆ ಪಲ್ಯ ಬಡಿಸಿಕೊಂಡರು.

ಈಗ ಅವರ ಕಾಲು ಬೂಟಿನೊಳಗೆ ಹೋಗುತ್ತದೆ. ಮಗಳ ವಾದಕ್ಕೆ ಸೋತು ಸಸ್ಯಾಹಾರಿಯಾದೆ ಎಂದು ಚರ್ಚಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಪಕ್ಕದ ಮನೆಯಿಂದ ಬಂಗುಡೆ ಹುರಿಯುವ ಪರಿಮಳ ಬಂದರೆ ಮಾತ್ರ ನಾನು ವಾದಕ್ಕೆ ಇಳಿಯುವುದಿಲ್ಲ; ಎದ್ದು ಕಿಟಕಿ ಮುಚ್ಚುತ್ತೇನೆ.