ಅಪ್ಪನ ಎಡತೊಡೆ ಮತ್ತು ಕಬಡ್ಡಿ ಫೈನಲ್

ಇವತ್ತು ಅಂಕೋಲೆಯ ಮೈದಾನದಲ್ಲಿ ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಆ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಿಕ್ಕವಳಿದ್ದಾಗಿನ ಫೈನಲ್ ನೆನಪಾಯಿತು.

ಆಗ ನಮ್ಮ ಭಾವಿಕೇರಿಯಲ್ಲಿ ಕೊಯ್ದು ಮುಗಿದ ಗದ್ದೆಯೇ ಅಂಕಣ. ಹಣಕೋಣದವರ ಮೇಲೆ ಫೈನಲ್. ನಾನು ಅಪ್ಪನ ಎಡತೊಡೆಯ ಮೇಲೆ ಕೂತದ್ದಕ್ಕೂ ನಮ್ಮೂರಿಗೆ ಮೊದಲ ಪಾಯಿಂಟ್ ಬಂದದ್ದಕ್ಕೂ ಸರಿಹೋಯಿತು. ಅಲ್ಲಿಂದ ನಾನು ಅಲುಗುವಂತಿಲ್ಲ. ಅಪ್ಪನೂ ಬೀಡಿ ಹಚ್ಚದೆ ಬಾಯಲ್ಲೇ ಜಗಿದು ಚೂರು ಮಾಡಿದ.

"ಅಪ್ಪಾ, ಒಂದಕ್ಕೆ ಹೋಗ್ಬೇಕು."

"ಸುಮ್ನೆ ಕುಂತ್ಕ ಮಗಾ. ನೀ ಎದ್ದೆ ಅಂದ್ರೆ ಹೋಯ್ತು!"

ಕೊನೆಗೆ ಸಮ ಸಮ ಆಯಿತು. ನಮ್ಮವನೊಬ್ಬ ಕೊನೆಯ ರೈಡಿಗೆ ಹೋದ. ನಾನು ಹಲ್ಲು ಕಚ್ಚಿ ತಡೆದುಕೊಂಡೆ. ಎದುರಾಳಿಯನ್ನು ಮುಟ್ಟಿ ಬಂದವನ ಬೆರಳು ನಡುಗೆರೆ ತಾಗಿತು, ನನ್ನ ತಡೆಯೂ ಒಡೆಯಿತು.

ಒಂದೇ ಪಾಯಿಂಟಿನಲ್ಲಿ ಗೆದ್ದೆವು! ಅಪ್ಪ ಒದ್ದೆ ಪಂಚೆಯಲ್ಲೇ ನನ್ನನ್ನು ಹೆಗಲಿಗೇರಿಸಿ ಗದ್ದೆ ತುಂಬ ಕುಣಿದ. ನಾನು ನಾಚಿಕೆಗೆ ಅಳುತ್ತಿದ್ದರೆ ಜನ ಖುಷಿಗೆ ಅಂದುಕೊಂಡರು.

ಇವತ್ತು ಆಟದ ನಡುವೆ ನನ್ನ ತೊಡೆ ಮೇಲಿದ್ದ ಮಗಳು ಕಿವಿಯಲ್ಲಿ ಪಿಸುಗುಟ್ಟಿದಳು: "ಅಮ್ಮಾ, ಒಂದಕ್ಕೆ."

ನಮ್ಮೂರು ಒಂದು ಪಾಯಿಂಟ್ ಮುಂದಿತ್ತು. ಕೆಳಗೆ ನೋಡಿದರೆ, ನನ್ನ ಎರಡೂ ಕೈ ಅವಳ ಸೊಂಟವನ್ನು ಬಿಗಿಯಾಗಿ ಹಿಡಿದಿದ್ದವು.