ರಂಗೂನಿನ ನೋಂದಣಿ ಮತ್ತು ಪ್ರೊ. ಆಂಜನಮ್ಮನವರು

ಯಾರು ಈ ದೇಶದವರು, ಯಾರು ಹೊರಗಿನವರು ಎಂಬುದನ್ನು ಭಾರತದ ಕಾನೂನು ಕಾಲಕಾಲಕ್ಕೆ ಹೇಗೆ ತೀರ್ಮಾನಿಸುತ್ತ ಬಂದಿದೆಯೆಂದು ಕನ್ನಡದಲ್ಲಿ ತಿಳಿಯಾಗಿ ಪಾಠ ಹೇಳಬಲ್ಲವರು ವಿರಳ. ಆ ವಿರಳರಲ್ಲಿ, ಹಲಸೂರಿನ ಸಂಜೆ ಕಾನೂನು ಕಾಲೇಜಿನಿಂದ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಪ್ರೊ. ಆಂಜನಮ್ಮನವರು ಅಗ್ರಗಣ್ಯರು.

ಗರುಡಾಚಾರ್‌ಪಾಳ್ಯದ ಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿದ ಅವರು, ತಂದೆ ಬೈಲಪ್ಪನವರಿಗೆ ಜಮೀನಿನ ಪತ್ರಗಳನ್ನು ಓದಿ ಹೇಳುತ್ತಲೇ ಕಾನೂನಿನ ರುಚಿ ಹತ್ತಿಸಿಕೊಂಡವರು. ೧೯೯೩ರಲ್ಲಿ ಅಧ್ಯಾಪಕಿಯಾಗಿ ಸೇರಿದಾಗ, ಬೇರೆಯವರು ಒಲ್ಲೆವೆಂದ ವಿದೇಶಿಯರ ಕಾಯಿದೆ, ಪೌರತ್ವ ಕಾಯಿದೆಗಳು ಅವರ ಪಾಲಿಗೆ ಬಂದವು. ಯಾವ ಸೆಕ್ಷನ್ ಯಾವ ಯುದ್ಧದಿಂದ, ಯಾವ ವಿಭಜನೆಯಿಂದ, ಯಾವ ಹಡಗಿನಲ್ಲಿ ಬಂದಿಳಿದವರಿಂದ ಹುಟ್ಟಿತೆಂದು ಅವರು ವಿವರಿಸತೊಡಗಿದರೆ, ದಿನವಿಡೀ ದುಡಿದು ದಣಿದು ಬಂದ ವಿದ್ಯಾರ್ಥಿಗಳು ಬೆಲ್ ಹೊಡೆದರೂ ಏಳುತ್ತಿರಲಿಲ್ಲ.

೨೦೧೧ರಲ್ಲಿ ಶಿವಾಜಿನಗರದ ದರ್ಜಿ ಸನಾವುಲ್ಲಾ ಆಂಜನಮ್ಮನವರ ಬಳಿ ಬಂದರು. ದುಡಿಮೆಗೆಂದು ಬರ್ಮಾಕ್ಕೆ ಹೋಗಿದ್ದ ದಂಪತಿಗೆ ೧೯೫೪ರಲ್ಲಿ ರಂಗೂನಿನಲ್ಲಿ ಹುಟ್ಟಿ, ಅಲ್ಲಿ ಬಾಳುವುದು ಕಷ್ಟವಾದಾಗ ಹತ್ತನೇ ವಯಸ್ಸಿನಲ್ಲಿ ಹಡಗು ಹತ್ತಿ ಬಂದವರು ಅವರು. ತಾಯಿಯನ್ನು ಹಜ್‌ಗೆ ಕರೆದೊಯ್ಯಲು ಪಾಸ್‌ಪೋರ್ಟ್ ಕೇಳಿದರೆ, ವಿದೇಶಿಯರಲ್ಲವೆಂದು ನೀವೇ ಸಾಬೀತುಪಡಿಸಿ ಎಂಬ ನೋಟಿಸು ಬಂದಿತ್ತು.

"ನಲವತ್ತೇಳು ವರ್ಷದಿಂದ ಇಲ್ಲೇ ಇದ್ದೀನಿ ಮೇಡಂ. ಈಗ ಕಳಿಸಿಬಿಟ್ರೆ ಎಲ್ಲಿಗೆ ಹೋಗ್ಲಿ?"

ಸಾಬೀತಿನ ಭಾರವನ್ನು ವ್ಯಕ್ತಿಯ ಮೇಲೆಯೇ ಹೊರಿಸುವ ೧೯೪೬ರ ಕಾಯಿದೆಯ ಒಂಬತ್ತನೆಯ ಸೆಕ್ಷನ್ನನ್ನು ಹದಿನೆಂಟು ವರ್ಷ ಪಾಠ ಹೇಳಿದ್ದ ಆಂಜನಮ್ಮನವರು, ಅದಕ್ಕೆ ಹೆದರಿದ ಮನುಷ್ಯನನ್ನು ಎದುರಿಗೆ ಕಂಡದ್ದು ಅದೇ ಮೊದಲು. ಸನಾವುಲ್ಲಾ ಅವರ ತಂದೆ ಬೆಂಗಳೂರಿನಲ್ಲಿ ಹುಟ್ಟಿದವರು, ಆದ್ದರಿಂದ ಮಗ ಭಾರತೀಯ ಎಂದು ಆ ವಾರವೇ ಉತ್ತರ ಬರೆದುಕೊಟ್ಟರು.

ವಿಚಾರಣಾಧಿಕಾರಿ ಅದನ್ನು ಓದಿ, "ಸಂವಿಧಾನ ಜಾರಿಗೆ ಬಂದಾಗ ಇವರ ತಂದೆ ಬರ್ಮಾದಲ್ಲೇ ನೆಲೆಸಿದ್ರಲ್ಲ ಮೇಡಂ? ಹುಟ್ಟಿದ್ದೊಂದೇ ಸಾಲದು," ಎಂದರು. ಮಾತು ಸರಿಯಾಗಿತ್ತು.

ಹೊರಬಂದೊಡನೆ ಆಂಜನಮ್ಮನವರು ಸನಾವುಲ್ಲಾ ಅವರಿಗೆ, "ತಪ್ಪು ನಂದೇ ರೀ. ಅವಸರ ಮಾಡ್ಬಿಟ್ಟೆ. ಆದ್ರೆ ಬಿಡೋದಿಲ್ಲ," ಎಂದರು. ಮರುಸಂಜೆ ತರಗತಿಯಲ್ಲಿ ಆ ತಪ್ಪನ್ನು ಬೋರ್ಡಿನ ಮೇಲೆ ಬರೆದು ವಿದ್ಯಾರ್ಥಿಗಳ ಮುಂದಿಟ್ಟರು. ಹಿಂದಿನ ಬೆಂಚಿನಿಂದ ಯಮುನಾ ಎಂಬ ವಿದ್ಯಾರ್ಥಿನಿ ಅಳುಕುತ್ತ ಎದ್ದಳು.

"ಸಂವಿಧಾನದ ಎಂಟನೇ ವಿಧಿ ಇದೆಯಲ್ಲ ಮೇಡಂ? ಅಲ್ಲಿದ್ದ ನಮ್ಮ ರಾಯಭಾರ ಕಚೇರೀಲಿ ತಂದೆ ಹೆಸರು ನೋಂದಾಯಿಸಿದ್ರೆ, ಬರ್ಮಾದಲ್ಲಿದ್ರೂ ಭಾರತೀಯರೇ ಅಲ್ವಾ?"

ಆಂಜನಮ್ಮನವರು ಚಾಕ್‌ಪೀಸನ್ನು ಅವಳ ಕೈಗೇ ಕೊಟ್ಟು, ಬಂದು ಅವಳ ಜಾಗದಲ್ಲಿ ಕುಳಿತರು.

ಸನಾವುಲ್ಲಾ ಅವರ ತಾಯಿಯನ್ನು ವಿಚಾರಿಸಿದಾಗ, ಗಂಡನೊಡನೆ ಒಂದು ದೊಡ್ಡ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿದ ನೆನಪು ಆ ವೃದ್ಧೆಗಿತ್ತು. ಆಂಜನಮ್ಮನವರು ಗುರುತಿನ ವಿವರಗಳನ್ನೆಲ್ಲ ಕಲೆಹಾಕಿ ರಂಗೂನಿನ ಭಾರತೀಯ ರಾಯಭಾರ ಕಚೇರಿಗೆ ಒಂದರ ಹಿಂದೊಂದು ಏಳು ಪತ್ರ ಬರೆದರು. ಇತ್ತ ವಿಚಾರಣೆಗೆ ಕಾಲಾವಕಾಶ ಕೇಳುತ್ತ ಎಂಟು ತಿಂಗಳು ಕಾದರು. ಕೊನೆಗೆ ದೃಢೀಕೃತ ನಕಲು ಬಂತು. ೧೯೫೧ರಲ್ಲೇ ಗಂಡಹೆಂಡತಿ ಇಬ್ಬರೂ ಭಾರತದ ಪ್ರಜೆಗಳೆಂದು ನೋಂದಣಿಯಾಗಿತ್ತು! ಅಂದರೆ ಮಗ ಹುಟ್ಟಿದ ದಿನದಿಂದಲೇ ಭಾರತೀಯ. ವಿಚಾರಣೆ ಕೈಬಿಡಲಾಯಿತು, ಮರುವರ್ಷ ತಾಯಿ ಮಗನೊಡನೆ ಹಜ್ ಮುಗಿಸಿ ಬಂದರು. ಭಾರತದ ವಲಸೆ ಕಾನೂನಿನ ಚರಿತ್ರೆಯನ್ನು ಕುರಿತು ಆಂಜನಮ್ಮನವರು ಬರೆದ ಪುಸ್ತಕದ ಮುನ್ನುಡಿಯಲ್ಲಿ, ತಮ್ಮನ್ನು ತಿದ್ದಿದವಳೆಂದು ಯಮುನಾಳ ಹೆಸರು ಅಚ್ಚಾಗಿದೆ. ಅದನ್ನು ಅವರು ತಾವೇ ಬೆರಳಿಟ್ಟು ತೋರಿಸುತ್ತಾರೆ.

ಕಳೆದ ಸೆಪ್ಟೆಂಬರಿನಲ್ಲಿ ವಿದೇಶಿಯರನ್ನು ಕುರಿತ ನಾಲ್ಕು ಹಳೆಯ ಕಾಯಿದೆಗಳು ಹೋಗಿ ಒಂದೇ ಹೊಸ ಕಾಯಿದೆ ಜಾರಿಗೆ ಬಂದಾಗ, ನಿವೃತ್ತಿಗೆ ಎಂಟೇ ತಿಂಗಳು ಉಳಿದಿದ್ದರೂ ಅವರು ಟಿಪ್ಪಣಿಗಳನ್ನೆಲ್ಲ ಮೊದಲಿನಿಂದ ಬರೆದರು. ಸಾಬೀತಿನ ಭಾರ ಅದರಲ್ಲೂ ಉಳಿದಿದೆಯೆಂದು ಮೊದಲ ಪಾಠದಲ್ಲೇ ಎಚ್ಚರಿಸಿದರು.

ಇನ್ನು ಮುಂದೆ ರಿಚರ್ಡ್ಸ್ ಟೌನಿನ ಬಾಡಿಗೆ ಕೋಣೆಯೊಂದರಲ್ಲಿ, ಈಗ ವಕೀಲೆಯಾಗಿರುವ ಯಮುನಾ ಅವರೊಡನೆ ಆಂಜನಮ್ಮನವರು ಕಾನೂನು ಸಲಹೆ ನೀಡುತ್ತ ಕೂರಲಿದ್ದಾರೆ. ಅವರಿಗೆ ಗಟ್ಟಿಮುಟ್ಟಾದ ದೀರ್ಘಾಯುಷ್ಯ ದೊರೆಯಲಿ. ಹೊಸ ಕಾಯಿದೆಯ ಮೇಲಿನ ಅವರ ಪುಸ್ತಕ ಬೇಗ ಕೈಸೇರಲಿ. ನೋಟಿಸು ಹಿಡಿದು ಬೆದರಿ ಬಾಗಿಲಿಗೆ ಬಂದವರಿಗೆ, "ಒಳಗೆ ಬನ್ನಿ, ಕೂತ್ಕೊಳ್ಳಿ, ಏನು ಬರೆದಿದ್ದಾರೆ ಓದೋಣ," ಎನ್ನುವ ಆ ದನಿ ಇನ್ನೂ ಬಹುಕಾಲ ಕೇಳುತ್ತಿರಲಿ.